ಕೋಟಿ ರೂಪಾಯಿಯ ಸ್ಪೀಕರ್, ಎರಡು ಸಾವಿರದ ಕುರ್ಚಿ

ಹಾಡೋರ ಎದುರು ಕೂತು ಕೇಳೋಕೆ ದುಡ್ಡು ಕೊಡೋದು ನಮಗೆಲ್ಲ ಗೊತ್ತಿರೋದೇ. ನಾಟಕಕ್ಕೆ ಕೊಡ್ತೀವಿ, ಸಿನಿಮಾಕ್ಕೆ ಕೊಡ್ತೀವಿ. ಆದರೆ ಹಾಡೋರು ಯಾರೂ ಇಲ್ಲದ ಒಂದು ಕೋಣೆ. ಎದುರಿಗೆ ಆಳೆತ್ತರದ ಎರಡು ಪೆಟ್ಟಿಗೆ, ನಡುವೆ ಒಂದು ಕುರ್ಚಿ. ಆ ಕುರ್ಚಿ ಮೇಲೆ ಒಂದು ತಾಸು ಕೂರೋಕೆ ದುಡ್ಡು ಕೊಡ್ತೀರಾ?

ಪ್ರಶ್ನೆ ಕೇಳಿದವರು ಕುಷ್ಟಗಿ ಕಡೆಯ ಒಬ್ಬ ನಿವೃತ್ತ ಮಾಸ್ತರು. ಕೊಪ್ಪಳದಲ್ಲಿ ಒಂದು ಕಾರ್ಯಕ್ರಮ ಮುಗಿಸಿ ನಾನು ಕಾರು ಹತ್ತೋ ಹೊತ್ತಿಗೆ ಹತ್ತಿರ ಬಂದರು. "ಸರ, ಟಿವಿಯೊಳಗ ದಿನಾ ರಾಜಕಾರಣ ಹೇಳ್ತೀರಿ. ಇದೊಂದು ನಮ್ಮದೂ ಹೇಳ್ರಿ. ನಲವತ್ತು ವರ್ಷದಿಂದ ಹಾಡು ಕೇಳ್ಕೊಂತ ಬಂದೀನಿ. ಈಗ ರಿಟೈರ್ ಆಗೀನಿ, ಕೈಯಾಗ ನಾಕು ದುಡ್ಡು ಐತಿ. ಬೆಂಗಳೂರಾಗ ಒಂದು ಕಡೆ ಕೋಟಿ ರೂಪಾಯಿ ಸಿಸ್ಟಮ್ ಇಟ್ಟಾರಂತ. ಒಂದು ತಾಸು ಕೇಳಾಕ ಎರಡು ಸಾವಿರ ಅಂತಾರ. ಹೋಗ್ಲ್ಯೋ ಬ್ಯಾಡೋ? ನಮ್ಮ ಮನಿಯಾಕಿ ಬ್ಯಾಡ ಅಂತಾಳ."

ಸ್ವಲ್ಪ ಕೆದಕಿದೆ. ಮನೆಯಾಕೆಯ ಹೆದರಿಕೆ ಎರಡು ಸಾವಿರದ್ದಲ್ಲ, ಕೇಳಿ ಬಂದಮೇಲಿನ ಮೂರು ಲಕ್ಷದ್ದು. ಗ್ರಾಚ್ಯುಟಿ ದುಡ್ಡಿನಲ್ಲಿ ಅಷ್ಟನ್ನು ಮಾಸ್ತರು ಮನಸ್ಸಿನಲ್ಲೇ ಎತ್ತಿಟ್ಟುಬಿಟ್ಟಿದ್ದಾರೆ. ಅದೇ ದುಡ್ಡಿಗಾಗಿ ಸೋರೋ ಮಾಳಿಗೆಯೂ ಕಾಯ್ತಾ ಇದೆ. ಸಂಸಾರದ ಪ್ರಶ್ನೆ ಇದು, ನಗೋ ವಿಷಯ ಅಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಹೋಗಿ ಮಾಸ್ತರೇ, ಕೇಳಿ ಬನ್ನಿ. ಚೆಕ್ ಬುಕ್ಕು ಮಾತ್ರ ಮನೇಲಿ ಬಿಟ್ಟು ಹೋಗಿ. ಯಾಕೆ ಅಂತ ಹೇಳ್ತೀನಿ.

ಯಂತ್ರದ ಹಾಡು ಕೇಳೋಕೆ ದುಡ್ಡು ಕೊಡೋದು ಇವತ್ತಿನ ಶೋಕಿ ಏನಲ್ಲ. 1889ರ ನವೆಂಬರ್ 23, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ. ಅಲ್ಲಿನ ಒಂದು ಮದ್ಯದಂಗಡಿಯಲ್ಲಿ ಎಡಿಸನ್ನನ ಫೋನೋಗ್ರಾಫ್ ಒಂದನ್ನು ತಂದಿಟ್ಟರು. ಅದಕ್ಕೆ ನಾಲ್ಕು ಕೊಳವೆ. ಐದು ಸೆಂಟಿನ ನಾಣ್ಯ ಹಾಕಿ ಕೊಳವೆ ಕಿವಿಗಿಟ್ಟುಕೊಂಡರೆ ಒಂದು ಹಾಡು. ಐದೈದು ಸೆಂಟು ಸೇರಿ ಆರು ತಿಂಗಳೊಳಗೆ ಸಾವಿರ ಡಾಲರ್ ದಾಟಿತು! ಯಾಕಂದ್ರೆ ಆ ಯಂತ್ರ ಮನೆಗೆ ತರೋ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಇಡೀ ಯಂತ್ರ ಕೊಳ್ಳಲಾಗದವನು ಅದರ ಕೆಲವು ನಿಮಿಷ ಕೊಂಡ.

ಜಪಾನಿನವರು ಇದನ್ನೇ ಒಂದು ಸಂಸ್ಕೃತಿ ಮಾಡಿಕೊಂಡರು. ಅಲ್ಲಿ ಜಾಝ್ ಕಿಸ್ಸಾ ಅಂತ ಕಾಫಿ ಅಂಗಡಿಗಳಿವೆ. ಯೊಕೊಹಾಮಾದ ಚಿಗುಸಾ ಅನ್ನೋ ಅಂಗಡಿ ಶುರುವಾಗಿದ್ದು 1933ರಲ್ಲಿ. ವಿದೇಶಿ ರೆಕಾರ್ಡು ದುಬಾರಿ, ಮನೆ ಸಣ್ಣದು, ಗೋಡೆ ತೆಳು, ಪಕ್ಕದ ಮನೆಯವರ ಕಾಟ ಬೇರೆ. ಹಾಗಾಗಿ ಜನ ಒಂದು ಕಪ್ ಕಾಫಿಯ ದುಡ್ಡು ಕೊಟ್ಟು, ಬಾಯಿ ಮುಚ್ಚಿಕೊಂಡು ಗಂಟೆಗಟ್ಟಲೆ ದೊಡ್ಡ ಸ್ಪೀಕರ್ ಕೇಳ್ತಾ ಕೂರ್ತಿದ್ದರು. ಇಂಥ ಅಂಗಡಿಗಳು ಇವತ್ತಿಗೂ ಇವೆ.

ಈಗ ಲೆಕ್ಕಕ್ಕೆ ಬನ್ನಿ. ಗಂಗಾವತಿಯ ಅಕ್ಕಿ ವ್ಯಾಪಾರಸ್ಥರಿಗೆ ಈ ಲೆಕ್ಕ ನಾನು ಹೇಳಿಕೊಡಬೇಕಿಲ್ಲ, ಉಳಿದವರಿಗಾಗಿ ಹೇಳ್ತೀನಿ. ಒಂದು ಕೋಟಿ ರೂಪಾಯಿಯನ್ನು ಬ್ಯಾಂಕಿನಲ್ಲಿಟ್ಟರೆ ಶೇಕಡಾ 7ರಂತೆ ವರ್ಷಕ್ಕೆ 7 ಲಕ್ಷ ಬಡ್ಡಿ. ದಿನಕ್ಕೆ ಎಷ್ಟಾಯ್ತು? 1,900 ರೂಪಾಯಿಗಿಂತ ಸ್ವಲ್ಪ ಮೇಲೆ. ಅಂದ್ರೆ ಕೋಟಿ ಕೊಟ್ಟು ಸಿಸ್ಟಮ್ ತಂದು ದಿನಾ ಒಂದು ತಾಸು ಕೇಳೋ ಸಾಹುಕಾರ, ಆ ಒಂದು ತಾಸಿಗೆ ಬಡ್ಡಿ ರೂಪದಲ್ಲೇ ಹತ್ತಿರ ಹತ್ತಿರ ಎರಡು ಸಾವಿರ ಕೊಡ್ತಿದ್ದಾನೆ. ಅಸಲು ಸವೆಯೋದು ಬೇರೆ, ರಿಪೇರಿ ಬೇರೆ. ಅವನು ಕೇಳದೇ ಇರೋ ದಿನವೂ ಮೀಟರ್ ಓಡ್ತಾನೇ ಇರುತ್ತೆ. ಮಾಸ್ತರು ಕೊಡೋದು ಒಂದೇ ದಿನದ ಎರಡು ಸಾವಿರ. ಟಿಕೆಟ್ಟು ದುಬಾರಿ ಅನ್ನೋ ಮೊದಲು ಈ ಲೆಕ್ಕ ನೆನಪಿರಲಿ.

ಸರಿ, ಆ ಪೆಟ್ಟಿಗೆಯೊಳಗೆ ಅಂಥದ್ದೇನಿದೆ? ಬೆಲೆ ಎಲ್ಲಿಯವರೆಗೆ ಹೋಗುತ್ತೆ ಅಂದ್ರೆ, 2017ರಲ್ಲಿ ಅಮೆರಿಕದ ವಿಲ್ಸನ್ ಆಡಿಯೋ ಕಂಪನಿ ಒಂದು ಜೋಡಿ ಸ್ಪೀಕರ್ ಬಿಟ್ಟಿತು, 6,85,000 ಡಾಲರಿಗೆ. ಆಗಿನ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ ದಾಟುತ್ತೆ. ಬರೀ ಸ್ಪೀಕರ್ ಸ್ವಾಮಿ, ಆಂಪ್ಲಿಫೈಯರ್ ಬೇರೆ.

ದೊಡ್ಡ ಸ್ಪೀಕರ್ ಸುಮ್ಮನೆ ದೊಡ್ಡದಲ್ಲ ಅನ್ನೋದನ್ನು ಒಪ್ಪಿಕೊಳ್ಳೋಣ. ಶಬ್ದ ಅಂದ್ರೆ ಗಾಳಿಯ ಅಲುಗಾಟ. ಸ್ವರ ಕೆಳಗಿಳಿದಷ್ಟೂ ಅದೇ ಜೋರಿಗೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಒಂದು ಸಪ್ತಕ ಕೆಳಗೆ ಬಂದರೆ ಸ್ಪೀಕರಿನ ಪರದೆ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕು. ಅಂಗೈಯಗಲದ ಸ್ಪೀಕರಿಗೆ ಅದು ಆಗೋ ಕೆಲಸವಲ್ಲ. ಹಾಗಾಗಿ ಡೊಳ್ಳಿನ ಹೊಡೆತ ಮೊಬೈಲಿನಲ್ಲಿ ತಗಡು ಬಡಿದ ಹಾಗೆ ಕೇಳುತ್ತೆ. ದೊಡ್ಡ ಪೆಟ್ಟಿಗೆ ಮುಂದೆ ಕೂತಾಗ ಅದು ಎದೆಗೆ ತಾಗುತ್ತೆ. ಪೆಟ್ಟಿಗೆ ತಾನೇ ನಡುಗಿದರೆ ಆ ನಡುಕ ಹಾಡಿನ ಜೊತೆ ಸೇರುತ್ತೆ, ಅದಕ್ಕೇ ಭಾರವಾದ, ಗಟ್ಟಿಯಾದ ಪೆಟ್ಟಿಗೆ ಮಾಡ್ತಾರೆ. ಇಲ್ಲೆಲ್ಲ ದುಡ್ಡು ನಿಜವಾಗಿಯೂ ಕೆಲಸ ಮಾಡುತ್ತೆ.

ಎಲ್ಲಿಯವರೆಗೆ ಮಾಡುತ್ತೆ ಅನ್ನೋದೇ ಪ್ರಶ್ನೆ. ಅಕ್ಕಿ ಉದಾಹರಣೆಯನ್ನೇ ತಗೊಳ್ಳಿ. ನುಚ್ಚಿಗೂ ಇಡೀ ಕಾಳಿನ ಸೋನಾ ಮಸೂರಿಗೂ ಇರೋ ವ್ಯತ್ಯಾಸ ಕಣ್ಣು ಮುಚ್ಚಿ ಉಂಡರೂ ಗೊತ್ತಾಗುತ್ತೆ. ಹಳೇ ಅಕ್ಕಿ ಹೊಸ ಅಕ್ಕಿ ವ್ಯತ್ಯಾಸ ಅಡುಗೆ ಮಾಡೋ ತಾಯಂದಿರಿಗೆ ಗೊತ್ತಾಗುತ್ತೆ. ಅದರಾಚೆಗೆ? ಎಷ್ಟೋ ಸಲ ಚೀಲದ ಮೇಲಿನ ಹೆಸರು ಬೇರೆ, ಒಳಗಿನ ಕಾಳು ಒಂದೇ. ಆಡಿಯೋದಲ್ಲೂ ಹಾಗೇ. ಐನೂರರ ಡಬ್ಬಿಯಿಂದ ಐವತ್ತು ಸಾವಿರದ ಸ್ಪೀಕರಿಗೆ ಬಂದರೆ ಆಕಾಶ ಭೂಮಿ ವ್ಯತ್ಯಾಸ. ಐವತ್ತು ಸಾವಿರದಿಂದ ಐದು ಲಕ್ಷಕ್ಕೆ ವ್ಯತ್ಯಾಸ ಇದೆ, ಆದರೆ ಹತ್ತು ಪಟ್ಟು ಇಲ್ಲ. ಐದು ಲಕ್ಷದಿಂದ ಕೋಟಿಗೆ ಹೋಗುವಾಗ ನೀವು ಹೆಚ್ಚಾಗಿ ಕೊಡೋದು ಮರಗೆಲಸಕ್ಕೆ, ಹೊಳಪಿಗೆ, ಕೈಬೆರಳೆಣಿಕೆಯಷ್ಟೇ ತಯಾರಾಗೋ ಮಾಲಿನ ಗತ್ತಿಗೆ. ಇನ್ನು ಲಕ್ಷ ರೂಪಾಯಿಯ ಸ್ಪೀಕರ್ ವೈರ್ ಅಂತ ಮಾರ್ತಾರಲ್ಲ, ಅದರ ಬಗ್ಗೆ ನನ್ನ ಅಭಿಪ್ರಾಯ ಟಿವಿಯಲ್ಲಿ ಹೇಳೋ ಭಾಷೆಯಲ್ಲಿಲ್ಲ. ಸಾಕಷ್ಟು ದಪ್ಪ ಇರೋ ಒಳ್ಳೇ ತಾಮ್ರದ ವೈರ್ ಹಾಕಿ, ಮುಗೀತು.

"ನಾನು ಕಿವಿಯಾರೆ ಕೇಳಿದೆ ಸರ್, ವ್ಯತ್ಯಾಸ ಇತ್ತು" ಅನ್ನೋರು ಇದ್ದಾರೆ. ಕಿವಿಯಾರೆ ಕೇಳಿದಿರೋ, ಕಣ್ಣಾರೆ ಕೇಳಿದಿರೋ? 1994ರಲ್ಲಿ ಹರ್ಮನ್ ಕಂಪನಿಯಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನೋ ಇಬ್ಬರು ಒಂದು ಪರೀಕ್ಷೆ ಮಾಡಿದರು. ಕೇಳೋಕೆ ಕೂರಿಸಿದ್ದು ಸ್ವಂತ ಕಂಪನಿಯ ನೌಕರರನ್ನೇ. ಅದೇ ಸ್ಪೀಕರುಗಳನ್ನು ಒಮ್ಮೆ ಪರದೆ ಹಿಂದೆ ಇಟ್ಟು, ಒಮ್ಮೆ ಕಣ್ಣೆದುರು ಇಟ್ಟು ಅಂಕ ಕೊಡಿ ಅಂದರು. ಕಣ್ಣೆದುರು ಇದ್ದಾಗ ದೊಡ್ಡ, ಚೆಂದದ ಪೆಟ್ಟಿಗೆಗಳಿಗೆ ಅಂಕ ಏರಿತು, ಪುಟ್ಟ ಅಗ್ಗದ ಸ್ಪೀಕರಿನ ಅಂಕ ಕುಸಿಯಿತು. ಪರದೆ ಎಳೆದ ಮೇಲೆ ಆ ಅಂತರ ಕರಗಿತು. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನೋ ಇಬ್ಬರು ಇನ್ನೊಂದು ಪರೀಕ್ಷೆಯ ಫಲಿತಾಂಶ ಕೊಟ್ಟರು. ದುಬಾರಿ ಹೈ ರೆಸಲ್ಯೂಷನ್ ಡಿಸ್ಕಿನ ಹಾಡು ಒಂದು ಕಡೆ, ಅದೇ ಹಾಡನ್ನು ಮಾಮೂಲಿ ಸಿ.ಡಿ. ಗುಣಮಟ್ಟಕ್ಕೆ ಇಳಿಸಿದ್ದು ಇನ್ನೊಂದು ಕಡೆ. 554 ಸಲ ಕೇಳಿಸಿದರು. ಸರಿಯಾಗಿ ಗುರುತಿಸಿದ್ದು 276 ಸಲ. ನಾಣ್ಯ ಚಿಮ್ಮಿ ಉತ್ತರ ಹೇಳಿದ್ದರೂ ಅಷ್ಟೇ ಬರ್ತಿತ್ತು.

ಕಣ್ಣು ಬಿಟ್ಟು ಕಿವಿಯನ್ನು ನಂಬೋದು ಹೇಗೆ ಅಂತ ನಮ್ಮ ಭಾಗದವರಿಗೆ ಅಮೆರಿಕದವರು ಕಲಿಸಬೇಕಿಲ್ಲ. ಕೊಪ್ಪಳದಲ್ಲಿ ರೈಲು ಹತ್ತಿದರೆ ಒಂದು-ಒಂದೂವರೆ ತಾಸಿಗೆ ಗದಗ. ಅಲ್ಲಿ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಬರೀ ಕಿವಿಯ ದಾರಿಯಲ್ಲೇ ಸಂಗೀತ ದಾಟಿಸಿದ ಮನೆತನ ಅದು. ಅಂಥವರ ಮುಂದೆ ಒಂದು ಸ್ಪೀಕರ್ ಇಟ್ಟರೆ ಅದರ ಮೈಬಣ್ಣ, ಹೆಸರು, ಬೆಲೆಪಟ್ಟಿ ಯಾವುದೂ ಮಾತಾಡೋದಿಲ್ಲ, ಶಬ್ದವೊಂದೇ ಮಾತಾಡಬೇಕು. ಆ ಕೋಣೆಯಲ್ಲಿ ಮಾಸ್ತರು ಮಾಡಬೇಕಾದ್ದೂ ಅದನ್ನೇ. ಬೆಲೆ ಕೇಳೋ ಮೊದಲು ಕಣ್ಣು ಮುಚ್ಚಬೇಕು.

ಗದಗ ಅಂದಮೇಲೆ ಭೀಮಸೇನ ಜೋಶಿಯವರನ್ನು ಬಿಟ್ಟು ಮುಂದೆ ಹೋಗೋಕಾಗುತ್ತಾ? ಯಲಬುರ್ಗಾ ಸೀಮೆ ದಾಟಿದರೆ ರೋಣ. ಆಗ ಈ ಕಡೆ ನಿಜಾಮರ ಸಂಸ್ಥಾನ, ಆ ಕಡೆ ಬ್ರಿಟಿಷರ ಮುಂಬೈ ಪ್ರಾಂತ. ಆ ಹುಡುಗ ಅಬ್ದುಲ್ ಕರೀಂ ಖಾನ್ ಸಾಹೇಬರ ಒಂದು ರೆಕಾರ್ಡ್ ಕೇಳಿದ. ಝಿಂಝೋಟಿ ರಾಗದ ಠುಮ್ರಿ. ಮೂರು ಚಿಲ್ಲರೆ ನಿಮಿಷ, ಅರಗಿನ ತಟ್ಟೆ, ಮುಳ್ಳು ಗೀಚೋ ಸದ್ದು. ಆ ಹಾಡು ತಲೆಗೇರಿ, ಗುರುವನ್ನು ಹುಡುಕಿಕೊಂಡು 1933ರಲ್ಲಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಓಡಿಹೋದ. ಅಲೆದಲೆದು ಕೊನೆಗೆ ಕುಂದಗೋಳದಲ್ಲಿ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಕಾಲ ಬಳಿಗೇ ಬಂದು ನಿಂತ. ಯೊಕೊಹಾಮಾದಲ್ಲಿ ಕಾಫಿ ಅಂಗಡಿ ತೆರೆದ ವರ್ಷವೇ ಇಲ್ಲಿ ಹುಡುಗ ಮನೆ ಬಿಟ್ಟ! ಇವತ್ತಿನ ಯಾವ ಸಾವಿರ ರೂಪಾಯಿಯ ಫೋನ್ ಸ್ಪೀಕರಾದರೂ ಆ ಗ್ರಾಮಫೋನಿಗಿಂತ ಸ್ವಚ್ಛವಾಗಿ ಹಾಡುತ್ತೆ. ಹಾಗಂತ ಎಷ್ಟು ಮಕ್ಕಳು ಮನೆ ಬಿಟ್ಟರು? ಹಾಡು ಮನಸ್ಸಿಗೆ ನಾಟೋಕೆ ಬೇಕಾದ್ದು ಬಹಳ ಕಡಿಮೆ. ಕೋಟಿ ರೂಪಾಯಿ ಬೇಡೋದು ಅದರ ಮೇಲಿನ ಪದರಗಳಿಗೆ.

ಅಂಗಡಿಯವರ ಒಂದು ಕೈಚಳಕವೂ ಗೊತ್ತಿರಲಿ. ಎರಡು ಸಿಸ್ಟಮ್ ಹೋಲಿಸುವಾಗ ಒಂದನ್ನು ಕೂದಲೆಳೆಯಷ್ಟು ಜೋರು ಇಟ್ಟರೆ ಸಾಕು, ಅದೇ ಚೆನ್ನಾಗಿದೆ ಅನಿಸಿಬಿಡುತ್ತೆ. ಜೋರು ಆಗಿದೆ ಅಂತ ಗೊತ್ತಾಗಲ್ಲ, 'ಸ್ಪಷ್ಟವಾಗಿದೆ', 'ತುಂಬಿಕೊಂಡಿದೆ' ಅನಿಸುತ್ತೆ. ನಮ್ಮ ಕಿವಿ ಕಟ್ಟಿರೋದೇ ಹಾಗೆ. ಸಣ್ಣ ದನಿಯಲ್ಲಿ ತೀರ ಕೆಳಗಿನ ಸ್ವರಗಳು ಅದಕ್ಕೆ ಸರಿಯಾಗಿ ಕೇಳಲ್ಲ, ದನಿ ಏರಿಸಿದಂತೆ ಅವು ಮೇಲೆದ್ದು ಬರ್ತವೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಅನ್ನೋ ವಿಜ್ಞಾನಿಗಳು ಅಳೆದು ರೇಖೆ ಎಳೆದು ಪ್ರಕಟಿಸಿದ್ದು, ನೋಡಿ, ಮತ್ತೆ 1933ರಲ್ಲೇ.

ಈಗ ಮುಖ್ಯ ವಿಷಯ. ಆ ಕೋಣೆಯಲ್ಲಿ ಎರಡು ಸಾವಿರ ಕೊಟ್ಟು ಮಾಸ್ತರು ಕೇಳೋದು ಸ್ಪೀಕರಿನಷ್ಟೇ ಆ ಕೋಣೆಯನ್ನೂ. ಅಲ್ಲಿ ನೆಲಕ್ಕೆ ದಪ್ಪ ಹಾಸು, ಗೋಡೆಗೆ ಮೆತ್ತೆ, ಪಕ್ಕದ ರಸ್ತೆಯ ಸದ್ದು ಒಳಗೆ ಬರಲ್ಲ. ಅದೇ ಸ್ಪೀಕರನ್ನು ತಂದು ಕುಷ್ಟಗಿಯ ಮನೆಯಲ್ಲಿಟ್ಟರೆ? ನಮ್ಮ ಹೊಸ ಮನೆಗಳು ಹೇಗಿವೆ ಅಂತ ನಿಮಗೇ ಗೊತ್ತು. ಮೇಲೆ ಸ್ಲ್ಯಾಬ್, ಕೆಳಗೆ ಟೈಲ್ಸ್ ಇಲ್ಲವೇ ಗ್ರಾನೈಟ್, ಸುತ್ತ ಸಿಮೆಂಟ್ ಗೋಡೆ. ಚಪ್ಪಾಳೆ ತಟ್ಟಿ ನೋಡಿ, ಟಣ್ ಅನ್ನುತ್ತೆ. ಹಾಡಿನ ಒಂದೊಂದು ಅಕ್ಷರವೂ ಗೋಡೆಗೆ ಬಡಿದು ತಡವಾಗಿ ವಾಪಸ್ ಬಂದು ಮುಂದಿನ ಅಕ್ಷರದ ಮೇಲೆ ಬೀಳುತ್ತೆ.

ಕೋಣೆಗೆ ತನ್ನದೇ ಒಂದು ಸ್ವರ ಇರುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿ 40 ಡಿಗ್ರಿ ಮುಟ್ಟುತ್ತಲ್ಲ, ಆಗ ಶಬ್ದ ಸೆಕೆಂಡಿಗೆ ಸುಮಾರು 355 ಮೀಟರ್ ಓಡುತ್ತೆ. ಹನ್ನೆರಡು ಅಡಿಯ ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರೋ ಲೆಕ್ಕ ಹಾಕಿದರೆ 48 ಹರ್ಟ್ಜ್ ಆಸುಪಾಸಿನ ಸ್ವರ ಬಂದಾಗ ಇಡೀ ಕೋಣೆ ಜೊತೆಗೂಡಿ ಗುಂಯ್ ಅನ್ನುತ್ತೆ. ಹನ್ನೆರಡಕ್ಕೆ ಹನ್ನೆರಡರ ಚೌಕದ ಕೋಣೆಯಾದರೆ ಎರಡೂ ಕಡೆಯಿಂದ ಅದೇ ಗುಂಯ್. ಕೋಟಿ ರೂಪಾಯಿಯ ಸ್ಪೀಕರ್ ಕೂಡ ಅದರ ಮುಂದೆ ಸೋಲುತ್ತೆ. ಅಷ್ಟೇ ಅಲ್ಲ, ಕೆಳಗಿನ ಸ್ವರ ಚೆನ್ನಾಗಿ ಕೊಡೋ ದೊಡ್ಡ ಸ್ಪೀಕರಿಟ್ಟರೆ ಆ ಗುಂಯ್ ಇನ್ನೂ ಹೆಚ್ಚಾಗುತ್ತೆ!

ಇದಕ್ಕೆ ಮದ್ದು ಬಹಳ ಮನೆಗಳ ಟ್ರಂಕಿನಲ್ಲೇ ಇದೆ. ಕೌದಿ. ಅಜ್ಜಿ ಹೊಲಿದ ದಪ್ಪ ಕೌದಿ ಎರಡು ತೆಗೆದು, ಸ್ಪೀಕರಿನ ಅಕ್ಕಪಕ್ಕದ ಗೋಡೆಗೆ ನಾಲ್ಕು ಬೆರಳು ಅಂತರ ಬಿಟ್ಟು ತೂಗುಹಾಕಿ. ನೆಲಕ್ಕೆ ಜಮಖಾನೆಯೋ ಕಂಬಳಿಯೋ ಹಾಸಿ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು, ಅದು ಮಾಸ್ತರ ಮನೆಯಲ್ಲಿ ಹೇಗೂ ಇರುತ್ತೆ. ಮೇಲಿನ ಮತ್ತು ನಡುವಿನ ಸ್ವರಗಳ ಗದ್ದಲ ತಕ್ಷಣ ಇಳಿಯುತ್ತೆ. ಕೆಳಗಿನ ಸ್ವರಕ್ಕೆ ಕೌದಿ ಸಾಲದು. ಅದಕ್ಕೆ ಸ್ಪೀಕರನ್ನು ಮೂಲೆಯಿಂದ ಆಚೆ ತನ್ನಿ, ಕುರ್ಚಿಯನ್ನು ಒಂದೊಂದು ಅಡಿ ಹಿಂದೆ ಮುಂದೆ ಸರಿಸಿ ಕೇಳಿ, ಗುಂಯ್ ಕಡಿಮೆ ಇರೋ ಜಾಗ ಸಿಗುತ್ತೆ. ಖರ್ಚು ಸೊನ್ನೆ. ಹಳೇ ಮಣ್ಣಿನ ಮಾಳಿಗೆ ಮನೆಯಿದ್ದವರು ಪುಣ್ಯವಂತರು, ಆ ಮಣ್ಣು ಶಬ್ದವನ್ನು ಒಂದಷ್ಟು ಕುಡಿಯುತ್ತೆ. ಮಾಸ್ತರೇ, ಮಾಳಿಗೆ ರಿಪೇರಿಯೂ ಆಡಿಯೋ ಖರ್ಚೇ ಅಂತ ನಿಮ್ಮ ಮನೆಯವರಿಗೆ ಹೇಳಿ.

ಇನ್ನು ಫ್ಯಾನು. ಏಪ್ರಿಲ್ ತಿಂಗಳಲ್ಲಿ ಗಂಗಾವತಿಯಲ್ಲಿ ಫ್ಯಾನ್ ಆರಿಸಿ ತಂಬೂರಿ ಕೇಳಿ ಅಂದ್ರೆ ನನ್ನನ್ನು ಊರು ಬಿಡಿಸ್ತಾರೆ. ಆದರೆ ಫುಲ್ ಸ್ಪೀಡಿನ ಸೀಲಿಂಗ್ ಫ್ಯಾನ್ ಸದ್ದು ಸುಮಾರು 50 ಡೆಸಿಬಲ್ ಹತ್ತಿರ ಇರುತ್ತೆ. ನೀವು ಹಾಡನ್ನು ಅತಿ ಜೋರಾದ ಜಾಗದಲ್ಲಿ 85 ಡೆಸಿಬಲ್ಲಿಗೆ ಕೇಳಿದಿರಿ ಅಂದುಕೊಳ್ಳಿ. ನಿಮಗೆ ದಕ್ಕೋದು ನಡುವಿನ 35 ಅಷ್ಟೇ. ಸಾಮಾನ್ಯ ಸಿ.ಡಿ.ಯಲ್ಲೇ 96 ಡೆಸಿಬಲ್ ಅಂತರ ಇರುತ್ತೆ. ಕೋಟಿ ಕೊಟ್ಟು ತಂದ ಸೂಕ್ಷ್ಮವೆಲ್ಲ ಆ ಫ್ಯಾನಿನ ಕೆಳಗೆ ಹೂತುಹೋಗುತ್ತೆ. ನಸುಕಿನಲ್ಲಿ ಐದು ಗಂಟೆಗೆ, ಫ್ಯಾನ್ ಬೇಡದ ಹೊತ್ತಿನಲ್ಲಿ ಕೇಳಿ ನೋಡಿ. ಅದೇ ಹಳೇ ಸೆಟ್ಟು ಬೇರೆಯದೇ ಹಾಡುತ್ತೆ.

ಸೆಟ್ಟಿಗಿಂತ ಮೊದಲು ಒಂದು ಸಲ ಕಿವಿಯನ್ನೂ ಪರೀಕ್ಷೆ ಮಾಡಿಸಿ. ಎಳೆಯ ಕಿವಿ 20ರಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತೆ. ಅರವತ್ತು ದಾಟಿದವರಿಗೆ ಸಾಮಾನ್ಯವಾಗಿ 12,000ದ ಆಚೆ ಹೆಚ್ಚೇನೂ ಕೇಳಲ್ಲ. ಬೇಜಾರಾಗಬೇಡಿ, ಪಿಯಾನೋದ ಕಟ್ಟಕಡೆಯ ಸ್ವರವೇ 4,186 ಹರ್ಟ್ಜ್. ಸಂಗೀತದ ಜೀವ ಇರೋದು ಅದರ ಕೆಳಗೇ. ಆದರೆ '40,000 ಹರ್ಟ್ಜ್‌ವರೆಗೆ ಬಾರಿಸುತ್ತೆ' ಅಂತ ಯಾರಾದರೂ ಮಾರೋಕೆ ಬಂದರೆ ಅದು ನಿಮಗಲ್ಲ, ಬಾವಲಿಗೆ. ಮೆರವಣಿಗೆಯ ಡಿಜೆ ಮುಂದೆ ಕುಣಿಯೋ ಹುಡುಗರಿಗೂ ಒಂದು ಮಾತು: 100 ಡೆಸಿಬಲ್ಲಿನಲ್ಲಿ ಸುರಕ್ಷಿತ ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 15 ನಿಮಿಷ. ಹೋದ ಕಿವಿ ನಾಲ್ಕು ಕೋಟಿ ಕೊಟ್ಟರೂ ಬರಲ್ಲ.

ಇಷ್ಟೆಲ್ಲ ಹೇಳಿದಮೇಲೂ ಹೋಗಿ ಅಂತ ಯಾಕೆ ಅಂದೆ? ಒಂದು ಹಾಡಿನೊಳಗೆ ಏನೇನು ಅಡಗಿದೆ ಅಂತ ಒಮ್ಮೆ ಕಿವಿಗೆ ಗೊತ್ತಾದರೆ ಅದು ಮರೆಯಲ್ಲ. ತಂಬೂರಿಯ ನಾಲ್ಕು ತಂತಿ ಬೇರೆ ಬೇರೆ ಕೇಳಿದ್ದು, ಹಾಡೋರು ಉಸಿರು ತಗೊಂಡಿದ್ದು, ಎಡಗೈ ತಬಲಾದ ಗುಮಕಿ ಎಲ್ಲಿ ನಿಂತಿತು ಅನ್ನೋದು. ಮನೆಗೆ ಬಂದು ಹಳೇ ಸೆಟ್ಟಿನಲ್ಲಿ ಅದೇ ಹಾಡು ಹಾಕಿದರೆ ಕಿವಿ ಅದನ್ನು ಹುಡುಕುತ್ತೆ, ಒಂದಷ್ಟು ಸಿಕ್ಕೇ ಸಿಗುತ್ತೆ. ಆ ಕಲಿಕೆಗೆ ಎರಡು ಸಾವಿರ ಹೆಚ್ಚಲ್ಲ. ಆದರೆ ಅದಕ್ಕೂ ಮೊದಲು ಇನ್ನೊಂದು ಆಗಬೇಕು: ನಿಜವಾದ ತಬಲಾ, ನಿಜವಾದ ಕಂಠ ಹತ್ತಿರದಿಂದ ಕೇಳಿರಬೇಕು. ಇಲ್ಲದಿದ್ದರೆ ಯಾವುದಕ್ಕೆ ಹೋಲಿಸ್ತೀರಿ? ಅದಕ್ಕೆ ಬೆಂಗಳೂರು ಬೇಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಸಂಜೆಗಳಿವೆ, ಗದಗಿನ ಆಶ್ರಮವಿದೆ. ಮೈಕಿಗಿಂತ ಹತ್ತಿರ ಹೋಗಿ ಕೂರಿ, ಅಷ್ಟೇ.

ಹೋಗೋ ದಿನಕ್ಕೆ ನಾಲ್ಕು ಮಾತು. ನೂರು ಸಲ ಕೇಳಿರೋ ನಿಮ್ಮದೇ ಮೂರು ಹಾಡು ಪೆನ್ ಡ್ರೈವಿನಲ್ಲಿ ಒಯ್ಯಿರಿ, ಅವರ ಹಾಡು ಅವರ ಸ್ಪೀಕರಿಗೆ ಒಪ್ಪೋದನ್ನೇ ಆರಿಸಿ ಇಟ್ಟಿರ್ತಾರೆ. ಮೊದಲ ಹತ್ತು ನಿಮಿಷ ಬೆರಗಿನಲ್ಲಿ ಹೋಗುತ್ತೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೀವು ಮನೆಯಲ್ಲಿ ಕೇಳೋ ಜೋರಿಗೇ ಇಡಿಸಿ. ಅದೇ ಹಾಡನ್ನು ಅದೇ ಕೋಣೆಯಲ್ಲಿ ಐವತ್ತು ಸಾವಿರದ ಸ್ಪೀಕರಿನಲ್ಲೂ ಹಾಕಿ ಅನ್ನಿ, ಯಾವುದು ಓಡ್ತಿದೆ ಅಂತ ಹೇಳಬೇಡಿ ಅಂತಲೂ ಅನ್ನಿ. ಕಣ್ಣು ಮುಚ್ಚಿ. ಆಗ ಕೇಳೋ ವ್ಯತ್ಯಾಸ ನಿಮ್ಮ ಸ್ವಂತದ್ದು, ಅದಕ್ಕೆ ಎಷ್ಟು ಬೆಲೆ ಅಂತ ನೀವು, ನಿಮ್ಮ ಮನೆಯವರು ಕೂತು ಮಾತಾಡಿ. ಆ ದಿನವೇ 'ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟು' ಅಂದರೆ ಚಹಾ ಕುಡಿದು ಎದ್ದು ಬನ್ನಿ. ಟಿಕೆಟ್ ತಗೊಳ್ಳೋ ಮೊದಲು ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: ನನ್ನ ಹಾಡು ಹಾಕ್ತೀರಾ? ಇಲ್ಲ ಅಂದರೆ ಆ ಎರಡು ಸಾವಿರ ಮಾಳಿಗೆ ರಿಪೇರಿಯ ಮೇಸ್ತ್ರಿಗೆ ಮುಂಗಡ ಕೊಡಿ.